ಪ್ಯಾಸ್ಕಲ್ ಎಂಬ ಅಲೆಮಾರಿಯ ಕಥೆ

ನನ್ನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್. ಪಕ್ಕದ ಸೀಟಿನವನದು ಮ್ಯಾಕ್. ಇಬ್ಬರೂ ಬರೆದದ್ದು ಕೊನೆಗೆ ಓಡುವುದು ಲಿನಕ್ಸ್ ಸರ್ವರಿನಲ್ಲಿ. ಹಾಗಾಗಿ "ಮೂರಕ್ಕೂ ಒಗ್ಗುವ ಪ್ರೋಗ್ರಾಮಿಂಗ್ ಪರಿಸರ ಯಾವುದು?" ಎಂಬ ವಾದ ನಮ್ಮಲ್ಲಿ ಮುಗಿಯುವುದೇ ಇಲ್ಲ. ಒಬ್ಬರು ವೇಗ ಅಂತಾರೆ, ಇನ್ನೊಬ್ಬರು ಪ್ಲಗಿನ್ ಅಂತಾರೆ. ನನಗೆ ಮಾತ್ರ ಪ್ಯಾಸ್ಕಲ್ ನೆನಪಾಗುತ್ತದೆ. ಈಗ ಅದನ್ನು ಬಳಸುವವರು ಕಡಿಮೆ, ನಿಜ. ಆದರೆ ಈ ಪ್ರಶ್ನೆಗೆ ಸಿಕ್ಕ ಮುಖ್ಯ ಉತ್ತರಗಳೆಲ್ಲ ಈ ಒಂದೇ ಭಾಷೆಯ ಮೇಲೆ ಪ್ರಯೋಗವಾಗಿವೆ.

ನಿಕ್ಲಾಸ್ ವಿರ್ತ್ ಪ್ಯಾಸ್ಕಲ್ ಭಾಷೆಯನ್ನು ಪ್ರಕಟಿಸಿದ್ದು 1970ರಲ್ಲಿ. ಆಗ ಒಂದೊಂದು ಬಗೆಯ ಗಣಕಕ್ಕೂ ಬೇರೆ ಬೇರೆ ಕಂಪೈಲರ್ ಬರೆಯಬೇಕಿತ್ತು. ಜ್ಯೂರಿಕ್‌ನ ವಿರ್ತ್ ತಂಡ ಇದಕ್ಕೊಂದು ಉಪಾಯ ಹೂಡಿತು. ಕಂಪೈಲರ್ ನಿಜವಾದ ಯಂತ್ರಕ್ಕಲ್ಲ, ಕಾಲ್ಪನಿಕ ಯಂತ್ರವೊಂದಕ್ಕೆ 'ಪಿ-ಕೋಡ್' ಎಂಬ ಆಜ್ಞೆಗಳನ್ನು ಬರೆದುಕೊಡುತ್ತದೆ. ಹೊಸ ಗಣಕ ಬಂದರೆ ಆ ಆಜ್ಞೆಗಳನ್ನು ಓದಿ ನಡೆಸುವ ಪುಟ್ಟ ದುಭಾಷಿಯನ್ನಷ್ಟೇ ಬರೆದರೆ ಸಾಕು! (1995ರಲ್ಲಿ ಜಾವಾ ದೊಡ್ಡ ಸದ್ದು ಮಾಡಿದ್ದೂ ಇದೇ ಬಗೆಯ ಉಪಾಯದಿಂದ.)

1970ರ ದಶಕದ ಕೊನೆಯಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೆನೆತ್ ಬೋಲ್ಸ್ ಮತ್ತು ಅವರ ವಿದ್ಯಾರ್ಥಿಗಳು ಇದಕ್ಕೆ ಎಡಿಟರ್, ಕಡತ ನಿರ್ವಹಣೆ ಎಲ್ಲ ಸೇರಿಸಿ 'ಪಿ-ಸಿಸ್ಟಮ್' ಮಾಡಿದರು. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದಕ್ಕೆಂದು ಪ್ರಕಟಿಸಿದ್ದ ಮೂರು ಕಾರ್ಯಾಚರಣೆ ವ್ಯವಸ್ಥೆಗಳಲ್ಲಿ ಇದೂ ಒಂದು. ಆದರೆ ಡಾಸ್ ಬೆಲೆ ಸುಮಾರು 40 ಡಾಲರ್, ಪಿ-ಸಿಸ್ಟಮ್ ಅದರ ಹಲವು ಪಟ್ಟು. ಮೇಲಾಗಿ ದುಭಾಷಿಯ ಮೂಲಕ ನಡೆಯುವುದರಿಂದ ನಿಧಾನ. ಗೆದ್ದದ್ದು ಯಾವುದೆಂದು ಹೇಳಬೇಕಿಲ್ಲವಲ್ಲ :)

1983ರಲ್ಲಿ ಬೋರ್ಲ್ಯಾಂಡ್ ಕಂಪನಿ ಟರ್ಬೋ ಪ್ಯಾಸ್ಕಲ್ ತಂದಿತು. ಬೆಲೆ 49.95 ಡಾಲರ್. ಅದರ ಕಂಪೈಲರ್ ಬರೆದವರು ಆಂಡರ್ಸ್ ಹೈಲ್ಸ್‌ಬರ್ಗ್ (ಮುಂದೆ ಮೈಕ್ರೋಸಾಫ್ಟ್ ಸೇರಿ ಸಿ ಶಾರ್ಪ್, ಟೈಪ್‌ಸ್ಕ್ರಿಪ್ಟ್ ರೂಪಿಸಿದವರೂ ಇವರೇ). ದುಭಾಷಿ ಇಲ್ಲ, ನೇರ ಯಂತ್ರಭಾಷೆ. ಎಡಿಟರ್, ಕಂಪೈಲರ್ ಎರಡೂ ಒಂದೇ ಪರದೆಯಲ್ಲಿ. ಆದರೆ ವೇಗದ ಆಸೆಗೆ ಜನ ನೇರವಾಗಿ ಡಾಸ್‌ನ, ಪಿಸಿಯ ಒಳಗುಟ್ಟುಗಳಿಗೇ ಕೈ ಹಾಕಿ ಬರೆಯತೊಡಗಿದರು. ಅಂಥ ಪ್ರೋಗ್ರಾಮು ಬೇರೆಡೆ ಹೋದರೆ ಮುಗ್ಗರಿಸುತ್ತಿತ್ತು.

ಇದರ ಬಳಗದ ಟರ್ಬೋ ಸಿ ಬಂದದ್ದು 1987ರಲ್ಲಿ. ಇಂಜಿನಿಯರಿಂಗ್ ಓದಿದವರಲ್ಲಿ ಅನೇಕರು ಅದರ ನೀಲಿ ಪರದೆಯನ್ನು ಮರೆತಿರಲಾರಿರಿ. ಅಲ್ಲಿ ಪೂರ್ಣಾಂಕಕ್ಕೆ ಎರಡೇ ಬೈಟ್, 32767 ದಾಟಿದರೆ ಲೆಕ್ಕ ಅಡಿಮೇಲು. ಲಿನಕ್ಸಿನ ಜಿಸಿಸಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬೈಟ್. ಪರದೆ ಒರೆಸುವ 'ಕ್ಲಿಯರ್ ಸ್ಕ್ರೀನ್' ಆಜ್ಞೆಯಂತೂ ಅಲ್ಲಿ ಇಲ್ಲವೇ ಇಲ್ಲ. ಲ್ಯಾಬಿನಲ್ಲಿ ನಾವು ಕಲಿತದ್ದರಲ್ಲಿ ಸಿ ಭಾಷೆ ಎಷ್ಟು, ಆ ನೀಲಿ ಪರದೆಯ ರೂಢಿ ಎಷ್ಟು ಎಂಬುದು ಊರು ಬಿಟ್ಟಾಗಲೇ ತಿಳಿಯುವುದು.

ಈಗ ಮುಖ್ಯ ಘಟ್ಟ. 1995ರಲ್ಲಿ ಬೋರ್ಲ್ಯಾಂಡ್ ವಿಂಡೋಸ್‌ಗಾಗಿ ಡೆಲ್ಫಿ ತಂದಿತು. ಪ್ಯಾಸ್ಕಲ್ ಬಲ್ಲವರಿಗೆ ಹಬ್ಬ. 2001ರಲ್ಲಿ ಅದರ ಲಿನಕ್ಸ್ ರೂಪ ಕೈಲಿಕ್ಸ್ ಬಂತು. ಎರಡೂ ಕಡೆ ಒಂದೇ ಸೋರ್ಸ್ ಇಟ್ಟುಕೊಳ್ಳಬಹುದೆಂದು ನಂಬಿ ಕೆಲವರು ಕೋಡನ್ನು ಅದಕ್ಕೆ ಹೊಂದಿಸಿಕೊಂಡರು. 2002ರ ಮೂರನೇ ಆವೃತ್ತಿಯೇ ಕೊನೆ! ಕಂಪನಿ ಕೈಬಿಟ್ಟಿತು, ಲಿನಕ್ಸ್ ಮಾತ್ರ ಬದಲಾಗುತ್ತಾ ಹೋಯಿತು, ಹೊಸ ಆವೃತ್ತಿಗಳಲ್ಲಿ ಕೈಲಿಕ್ಸ್ ನಡೆಸುವುದೇ ಕಷ್ಟವಾಯಿತು. ಕೋಡು ನಮ್ಮದೇ, ಆದರೆ ಅದನ್ನು ಕಂಪೈಲ್ ಮಾಡುವ ಯಂತ್ರದ ಬೀಗದ ಕೈ ಬೇರೆಯವರ ಬಳಿ. ಡೆಲ್ಫಿ ಮತ್ತೆ ಲಿನಕ್ಸ್ ಕಡೆ ಮುಖ ಮಾಡಿದ್ದು 2017ರಲ್ಲಿ, ಅಷ್ಟರಲ್ಲಿ ಮಾಲೀಕರೂ ಬದಲಾಗಿದ್ದರು. ಹದಿನೈದು ವರ್ಷ ಅಂದರೆ ಒಬ್ಬ ಇಂಜಿನಿಯರನ ಅರ್ಧ ವೃತ್ತಿಜೀವನ.

ಇದೇ ಹೊತ್ತಿಗೆ ಇನ್ನೊಂದು ದಾರಿ ಸದ್ದಿಲ್ಲದೆ ಬೆಳೆಯುತ್ತಿತ್ತು. 1993ರಲ್ಲಿ ಫ್ಲೋರಿಯನ್ ಕ್ಲೆಂಪ್ಫ್ಲ್ ಎಂಬ ಜರ್ಮನ್ ವಿದ್ಯಾರ್ಥಿ ಆರಂಭಿಸಿದ್ದು ಫ್ರೀ ಪ್ಯಾಸ್ಕಲ್ ಕಂಪೈಲರ್. ಅದರ ಮೇಲೆ 1999ರಲ್ಲಿ ಶುರುವಾದದ್ದು ಡೆಲ್ಫಿಯಂಥದೇ ಪರಿಸರ, ಲಾಜರಸ್. ಇಲ್ಲಿ ಪ್ರತಿ ವ್ಯವಸ್ಥೆಗೂ ಬೇರೆಯಾಗಿ ಕಂಪೈಲ್ ಮಾಡಬೇಕು, ಗುಂಡಿ ಕಿಟಕಿಗಳನ್ನು ಆಯಾ ವ್ಯವಸ್ಥೆಯದನ್ನೇ ಬಳಸಿಕೊಳ್ಳಬಹುದು. ಲಾಜರಸ್ 1.0 ಬಂದದ್ದು 2012ರಲ್ಲಿ, ಅಂದರೆ ಹದಿಮೂರು ವರ್ಷದ ತಾಳ್ಮೆ! ಸೋರ್ಸ್ ಎಲ್ಲರ ಕೈಯಲ್ಲೂ ಇರುವುದರಿಂದ ಒಬ್ಬರು ಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬಹುದು. ಹಾಗಂತ ಇದು ಅಮೃತವಲ್ಲ. ಲಿನಕ್ಸ್‌ನಲ್ಲಿ ಕಡತದ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ತಪ್ಪಿದರೆ ಇಂದಿಗೂ ಪರದಾಟವೇ.

ಕನ್ನಡಿಗರಿಗೆ ಈ ಪಾಠ ಹೊಸದೇನಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ ಒಂದು ಫಾಂಟಿನಲ್ಲಿ ಬರೆದದ್ದು ಆ ಫಾಂಟಿಲ್ಲದ ಗಣಕದಲ್ಲಿ ಕಲಸುಮೇಲೋಗರವಾಗುತ್ತಿತ್ತು. ಬರಹ ನಮ್ಮದಾದರೂ ಅಕ್ಷರ ನಮ್ಮದಾಗಿರಲಿಲ್ಲ.

ಹಾಗಾಗಿ ಹೊಸ ಪರಿಸರ ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಮಾಡಿದವರು ನಾಳೆ ಅಂಗಡಿ ಮುಚ್ಚಿದರೆ ನನ್ನ ಕೋಡು ಇನ್ನೆಲ್ಲಾದರೂ ಕಂಪೈಲ್ ಆದೀತೇ? ವೇಗ, ಅಂದ, ಪ್ಲಗಿನ್ ಎಲ್ಲ ಆಮೇಲಿನ ಮಾತು. ನೀವೇನಂತೀರಿ?