ಕತ್ತಲಲ್ಲಿ ಕರಗುವ ಬಣ್ಣ

ಕಳೆದ ಮಳೆಗಾಲಕ್ಕೆ ಮುನ್ನ ಧನಕವಡಿಯ ನಮ್ಮ ಮನೆಯ ಅಟ್ಟದಿಂದ, ಇಲ್ಲಿನವರ ಮಾತಿನಲ್ಲಿ ‘ಮಾಳಾ’ದಿಂದ, ಹಳೆಯ ಟ್ರಂಕೊಂದನ್ನು ಇಳಿಸಿದೆ. ಅಜ್ಜ-ಅಜ್ಜಿಯರ ಮದುವೆಯ ಕಪ್ಪು-ಬಿಳುಪು ಚಿತ್ರದಲ್ಲಿ ಸೀರೆಯ ಅಂಚಿನ ಗೆರೆಗಳೂ ಸ್ಪಷ್ಟವಾಗಿದ್ದವು. ಅದಕ್ಕಿಂತ ಮೂರು ದಶಕ ಕಿರಿಯದಾದ, 1984ರಲ್ಲಿ ಅಪ್ಪ ನನ್ನನ್ನು ಎತ್ತಿಕೊಂಡು ನಿಂತ ವರ್ಣಚಿತ್ರ ಮಾತ್ರ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಒಂದೇ ಪೆಟ್ಟಿಗೆಯಲ್ಲಿ ಹಿರಿಯದು ಉಳಿದು ಕಿರಿಯದು ಅಳಿದದ್ದೇಕೆ?

ಕಪ್ಪು-ಬಿಳುಪು ಚಿತ್ರವನ್ನು ರೂಪಿಸುವುದು ಬೆಳ್ಳಿಯ ಕಣಗಳು. ವರ್ಣಚಿತ್ರದಲ್ಲಿ ಆ ಬೆಳ್ಳಿಯನ್ನು ಸಂಸ್ಕರಣದ ವೇಳೆಯೇ ತೆಗೆದುಹಾಕಲಾಗುತ್ತದೆ. ಉಳಿಯುವುದು ಹಸಿರುನೀಲಿ, ಕೆನ್ನೇರಳೆ, ಹಳದಿ ಎಂಬ ಮೂರು ಸಾವಯವ ವರ್ಣಗಳು ಮಾತ್ರ. ಬೆಳಕು ಇವುಗಳಿಗೆ ಶತ್ರು, ನಿಜ. ಆದರೆ ಶಾಖ ಮತ್ತು ತೇವ ಕತ್ತಲಲ್ಲೂ ತಮ್ಮ ಕೆಲಸ ಮಾಡುತ್ತವೆ. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಹೀಗೆ ಮೊದಲು ಮಾಯವಾಗುವುದು ಹಸಿರುನೀಲಿ. ಆದ್ದರಿಂದಲೇ ಆ ಕೆಂಪು.

ಸಿನಿಮಾ ಇದೇ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿಯಿತು. 1950ರಲ್ಲಿ ಬಂದ ಈಸ್ಟ್‌ಮನ್‌ಕಲರ್ ಅಗ್ಗವೂ ಸುಲಭವೂ ಆಗಿದ್ದರಿಂದ ಎಲ್ಲೆಡೆ ಹರಡಿತು. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ, ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’, 1964ರಲ್ಲಿ ಈ ವಿಧಾನದಲ್ಲೇ ತಯಾರಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಕೊಲ್ಹಾಪುರದಲ್ಲಿ ಚಿತ್ರೀಕರಣಗೊಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಇಂದು ನೋಡಲು ಸಿಗದು ಎಂಬುದನ್ನು ನೆನೆದರೆ ಅಂಥ ಸಂಸ್ಥೆಯ ಅಗತ್ಯ ತಿಳಿಯುತ್ತದೆ. 1980ರಲ್ಲಿ ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ, ಮಾಸುತ್ತಿರುವ ಬಣ್ಣಗಳ ವಿರುದ್ಧ ಬಹಿರಂಗವಾಗಿ ದನಿಯೆತ್ತಿದರು. ಕಪ್ಪು-ಬಿಳುಪಿಗಿಂತ ವರ್ಣಚಿತ್ರಗಳಿಗೆ ಹೆಚ್ಚು ತಣ್ಣನೆಯ ಕೋಣೆ ಬೇಕೆಂಬುದು ಇಂದು ಸಂಗ್ರಹಾಲಯಗಳ ಸಾಮಾನ್ಯ ತಿಳಿವಳಿಕೆ.

ಉಷ್ಣತೆ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ವರ್ಣಗಳ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ತಜ್ಞರ ಸ್ಥೂಲ ಲೆಕ್ಕ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 30ರಿಂದ 50ರೊಳಗಿರಬೇಕು. ನಾನಾದರೋ ಮೇಲಂತಸ್ತಿನ ಮನೆಯಲ್ಲಿ, ಏಪ್ರಿಲ್ ತಿಂಗಳಲ್ಲಿ ಕಾದು ಜುಲೈಯಲ್ಲಿ ತೇವ ಹೀರುವ ತಾರಸಿಯ ಕೆಳಗೇ ಟ್ರಂಕನ್ನು ಇಟ್ಟಿದ್ದೆ. ಅಂಟುಹಾಳೆಯ ಆಲ್ಬಮ್ ಬೇರೆ! ಭದ್ರವಾಗಿದೆ ಎಂದು ನಂಬಿದ್ದ ಜಾಗವೇ ಮನೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗವಾಗಿತ್ತು.

ಈಗ ಚಿತ್ರಗಳು ಆಮ್ಲರಹಿತ ಕಾಗದದ ಲಕೋಟೆಗಳಲ್ಲಿ, ನಡುಕೋಣೆಯ ಕಪಾಟಿನಲ್ಲಿವೆ, ಹೊರಗೋಡೆಯ ಸೋಂಕಿಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದ್ದೇನೆ. ಆದರೆ ಅಳಿದುಹೋದ ಬಣ್ಣವನ್ನು ಕಂಪ್ಯೂಟರು ಊಹಿಸೀತೇ ಹೊರತು ನೆನಪಿಸಿಕೊಳ್ಳಲಾರದು. ಆದ್ದರಿಂದ ಅಮ್ಮನನ್ನು ಕೇಳಿದೆ, “ಅಪ್ಪನ ಅಂಗಿ ಯಾವ ಬಣ್ಣದ್ದು?” ಅಮ್ಮ ಚಿತ್ರವನ್ನು ನೋಡಲೂ ಇಲ್ಲ. “ತಿಳಿನೀಲಿ. ನಾನೇ ಆರಿಸಿದ್ದು,” ಎಂದಳು. ಅದನ್ನು ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟೆ.