ಅಂತರಜಾಲದಲ್ಲಿ ಹಾರಾಟದ ಪಾಠ: ಶಾಲಾ ವೈಮಾನಿಕ ಶಿಕ್ಷಣದ ಚರಿತ್ರೆ

ವಿಮಾನ ಮತ್ತು ರಾಕೆಟ್ಟುಗಳು ಹಾರುವ ಬಗೆಯನ್ನು ಶಾಲಾ ಮಕ್ಕಳಿಗೆ ಅಂತರಜಾಲದ ಮೂಲಕ, ಪ್ರಯೋಗಗಳನ್ನು ಅವರ ಕೈಯಿಂದಲೇ ಮಾಡಿಸುತ್ತ ಕಲಿಸುವ ಕ್ರಮ 1990ರ ದಶಕದ ನಡುಭಾಗದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅದಕ್ಕೂ ಮುಂಚೆ ತರಗತಿಯಲ್ಲಿ ಹಾರಾಟದ ಪಾಠವೆಂದರೆ ಕಾಗದದ ವಿಮಾನ, ಬಾಲ್ಸಾ ಮರದ ಗ್ಲೈಡರ್, ಗಾಳಿಪಟ. ಇವು ಹಾರುತ್ತಿದ್ದವು, ಮಕ್ಕಳಿಗೆ ಖುಷಿ ಕೊಡುತ್ತಿದ್ದವು. ಆದರೆ ರೆಕ್ಕೆಯ ಮೇಲೆ ಎಷ್ಟು ಬಲ ಬಿತ್ತು, ಅದರ ಬಾಗು ತುಸು ಹೆಚ್ಚಿದ್ದರೆ ಏನಾಗುತ್ತಿತ್ತು ಎಂದು ಅಳೆದು ನೋಡುವ ದಾರಿ ಹೆಚ್ಚಿನ ಶಾಲೆಗಳಲ್ಲಿರಲಿಲ್ಲ. ಅಳೆಯಲು ಬೇಕಾದ ಗಾಳಿ ಸುರಂಗ ಹೆಚ್ಚಾಗಿ ಸಂಶೋಧನಾಲಯಗಳಲ್ಲಿ ಇರುತ್ತಿತ್ತು. ಕಂಪ್ಯೂಟರು ತುಂಬಿದ್ದು ಈ ಕೊರತೆಯನ್ನು.

1991ರಲ್ಲಿ ಅಮೆರಿಕದ ಸಂಸತ್ತು ಹೈ ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಕಾಯಿದೆಯನ್ನು ಅಂಗೀಕರಿಸಿತು. ಅದರ ಬೆನ್ನಲ್ಲೇ ಬಂದ ಯೋಜನೆಗಳಲ್ಲಿ ನಾಸಾ ಶಾಲೆಗಳತ್ತಲೂ ಗಮನ ಹರಿಸಿತು. ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಏಮ್ಸ್ ಕೇಂದ್ರ ಕ್ವೆಸ್ಟ್ ಹೆಸರಿನ ಅಂತರಜಾಲ ತಾಣವನ್ನು ನಡೆಸಿತು. ದೂರದರ್ಶಕ ಹೊತ್ತ, ಕೈಪರ್ ಹೆಸರಿನ ನಾಸಾ ವಿಮಾನವು 1995ರಲ್ಲಿ ಸುಮಾರು 12 ಕಿ.ಮೀ. ಎತ್ತರದಲ್ಲಿ ಹಾರುವಾಗ ಅದರ ಕೆಲಸವನ್ನು ತರಗತಿಗಳಿಗೆ ನೇರವಾಗಿ ತಲುಪಿಸಲಾಯಿತು. ಮಕ್ಕಳು ವಿಜ್ಞಾನಿಗಳಿಗೆ ಇ-ಮೇಲ್ ಮೂಲಕ ಪ್ರಶ್ನೆ ಕೇಳಿದರು. ಆಗಿನ ಕಾಲಕ್ಕೆ ಇದು ದೊಡ್ಡ ಹೆಜ್ಜೆಯೇ. ಆದರೂ ಅಲ್ಲಿ ಪ್ರಯೋಗ ಮಾಡುತ್ತಿದ್ದವರು ವಿಜ್ಞಾನಿಗಳು, ವಿದ್ಯಾರ್ಥಿ ನೋಡುಗನಾಗಿದ್ದ.

ಆ ಸ್ಥಾನ ಬದಲಾದದ್ದು ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ. ಅಲ್ಲಿನ ನಾಸಾದ ಲೂಯಿಸ್ ಸಂಶೋಧನಾ ಕೇಂದ್ರದಲ್ಲಿ (1999ರಿಂದ ಗ್ಲೆನ್ ಕೇಂದ್ರ) ಟಾಮ್ ಬೆನ್ಸನ್ ಎಂಬ ಎಂಜಿನಿಯರ್ ರೂಪಿಸಿದ ಫಾಯಿಲ್‌ಸಿಮ್ ತಂತ್ರಾಂಶ ಈ ಚರಿತ್ರೆಯ ಮುಖ್ಯ ತಿರುವು. ಪರದೆಯ ಮೇಲೆ ರೆಕ್ಕೆಯ ಅಡ್ಡಕೊಯ್ತ ಕಾಣುತ್ತದೆ. ಅದರ ದಪ್ಪ, ಬಾಗು, ಗಾಳಿಗೆ ಎದುರಾಗಿ ಅದು ಮಾಡುವ ಕೋನ, ವೇಗ, ಎತ್ತರ, ವಿಸ್ತೀರ್ಣ ಎಲ್ಲವನ್ನೂ ವಿದ್ಯಾರ್ಥಿ ಬದಲಿಸಬಹುದು. ಬದಲಿಸಿದ ಕ್ಷಣದಲ್ಲೇ ಗಾಳಿಯ ಗೆರೆಗಳು ಹೊಸ ರೂಪ ತಾಳುತ್ತವೆ, ಮೇಲೆತ್ತುವ ಬಲದ ಅಂಕಿ ಮಾರ್ಪಡುತ್ತದೆ. ಮುಂದಿನ ಆವೃತ್ತಿಗಳಲ್ಲಿ ಅದೇ ರೆಕ್ಕೆಯನ್ನು ಮಂಗಳದ ವಾತಾವರಣದಲ್ಲಿಯೋ ನೀರಿನೊಳಗೋ ಇಟ್ಟು ನೋಡುವುದೂ ಸಾಧ್ಯವಾಯಿತು.

ಅಂದಿನ ನಿಧಾನಗತಿಯ ಯಂತ್ರಗಳಲ್ಲಿ ಇದು ನಡೆದದ್ದು ಹೇಗೆ ಎಂಬುದನ್ನು ಇಲ್ಲಿ ಹೇಳಲೇಬೇಕು. ರಷ್ಯಾದ ನಿಕೊಲಾಯ್ ಝುಕೋವ್‌ಸ್ಕಿ 20ನೆಯ ಶತಮಾನದ ಆರಂಭದಲ್ಲಿ ಕಂಡುಕೊಂಡ ಗಣಿತ ವಿಧಾನವೊಂದಿದೆ. ವೃತ್ತದ ಸುತ್ತ ಹರಿಯುವ ಗಾಳಿಯನ್ನು ಲೆಕ್ಕ ಹಾಕುವುದು ಸುಲಭ; ಆ ವೃತ್ತವನ್ನೇ ಗಣಿತದ ಮೂಲಕ ರೆಕ್ಕೆಯ ಆಕಾರಕ್ಕೆ ತಿರುಗಿಸಿದರೆ ಉತ್ತರವೂ ಜೊತೆಗೇ ಬರುತ್ತದೆ. ಹೀಗಾಗಿ ಸೂಪರ್ ಕಂಪ್ಯೂಟರಿನ ಹಂಗಿಲ್ಲದೆ ಶಾಲೆಯ ಕಂಪ್ಯೂಟರಿನಲ್ಲೇ ಫಲಿತಾಂಶ ದೊರೆಯಿತು. ಈ ವಿಧಾನಕ್ಕೊಂದು ಮಿತಿ ಉಂಟು. ಕೋನ ಅತಿಯಾದಾಗ ಗಾಳಿ ರೆಕ್ಕೆಯ ಮೈಬಿಟ್ಟು ಬಲ ಕುಸಿಯುವ ‘ಸ್ಟಾಲ್’ ಸ್ಥಿತಿ ಆದರ್ಶ ಹರಿವಿನ ಗಣಿತಕ್ಕೆ ಸಿಗದು. ಅದಕ್ಕೆ ಬೇರೆಯೇ ಮಾದರಿಯನ್ನು ಸೇರಿಸಲಾಯಿತು.

ಇದೇ ಬಳಗದಲ್ಲಿ ಜೆಟ್ ಎಂಜಿನ್ನಿಗೆ ಎಂಜಿನ್‌ಸಿಮ್, ಗಾಳಿಪಟಕ್ಕೆ ಕೈಟ್‌ಮಾಡೆಲರ್, ರಾಕೆಟ್ಟಿಗೆ ರಾಕೆಟ್‌ಮಾಡೆಲರ್ ಬಂದವು. ಇವುಗಳ ಜೊತೆಗಿದ್ದ ‘ಬಿಗಿನರ್ಸ್ ಗೈಡ್ ಟು ಏರೋನಾಟಿಕ್ಸ್’ ಎಂಬ ಪಾಠಮಾಲೆಯ ದೊಡ್ಡ ಸೇವೆ ಎಂದರೆ ತಪ್ಪು ವಿವರಣೆಗಳನ್ನು ಎದುರಿಗಿಟ್ಟು ಅಲ್ಲಗಳೆದದ್ದು. ರೆಕ್ಕೆಯ ಮೇಲ್ಭಾಗ ಉದ್ದ, ಆದ್ದರಿಂದ ಕೆಳಗಿನ ಗಾಳಿಯ ಜೊತೆ ಒಂದೇ ಹೊತ್ತಿಗೆ ಹಿಂದಂಚು ಮುಟ್ಟಲು ಮೇಲಿನ ಗಾಳಿ ವೇಗವಾಗಿ ಓಡುತ್ತದೆ ಎಂಬ ಮಾತು ಎಷ್ಟೋ ಪುಸ್ತಕಗಳಲ್ಲಿ ಅಚ್ಚಾಗಿದೆ. ಒಂದೇ ಹೊತ್ತಿಗೆ ಮುಟ್ಟಬೇಕೆಂಬ ನಿಯಮ ಎಲ್ಲೂ ಇಲ್ಲ. ಮೇಲಿನ ಗಾಳಿ ನಿಜಕ್ಕೂ ಮುಂಚೆಯೇ ತಲುಪುತ್ತದೆ. ಫಾಯಿಲ್‌ಸಿಮ್‌ನಲ್ಲಿ ಬರೀ ಚಪ್ಪಟೆ ಹಲಗೆಯನ್ನು ಗಾಳಿಗೆ ಸ್ವಲ್ಪ ಓರೆಯಾಗಿಸಿದರೂ ಬಲ ಹುಟ್ಟುವುದನ್ನು ಹುಡುಗಿಯೊಬ್ಬಳು ತಾನೇ ಕಾಣಬಹುದು. ಅಚ್ಚಾದ ವಾಕ್ಯವನ್ನು ಪ್ರಶ್ನಿಸುವ ಅವಕಾಶ ಇಲ್ಲಿ ಅಗ್ಗವಾಗಿ ದೊರೆಯಿತು.

ರೈಟ್ ಸೋದರರ ಹಾರಾಟದ ಶತಮಾನೋತ್ಸವ 2003ರಲ್ಲಿ ಬಂದಿತು. ಅದರ ಸುತ್ತ ಗ್ಲೆನ್ ಕೇಂದ್ರ ರೂಪಿಸಿದ ಪುಟಗಳಲ್ಲಿ ಸೋದರರ 1901ರ ಗಾಳಿ ಸುರಂಗದ ಪರದೆ ಮಾದರಿಯೂ ಸೇರಿತ್ತು. ಆ ವರ್ಷದ ಗ್ಲೈಡರ್ ನಿರೀಕ್ಷಿಸಿದ ಬಲದ ಸುಮಾರು ಮೂರನೆಯ ಒಂದು ಭಾಗವನ್ನಷ್ಟೇ ಕೊಟ್ಟಾಗ, ತಾವು ನಂಬಿದ್ದ ಹಳೆಯ ಲೆಕ್ಕಗಳನ್ನೇ ಸೋದರರು ಸಂಶಯಿಸಿದರು. ಡೇಟನ್‌ನಲ್ಲಿ ಆರು ಅಡಿ ಉದ್ದದ ಪೆಟ್ಟಿಗೆಯೊಂದನ್ನು ಕಟ್ಟಿ ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. 1903ರ ಡಿಸೆಂಬರ್ 17ರ 12 ಸೆಕೆಂಡುಗಳ ಹಾರಾಟದ ಹಿಂದಿದ್ದದ್ದು ಈ ಶ್ರಮ. ಪರದೆಯ ಸುರಂಗದಲ್ಲಿ ಅಳತೆ ತೆಗೆಯುವ ವಿದ್ಯಾರ್ಥಿ ಕಲಿಯುವುದು ಇತಿಹಾಸ ಮತ್ತು ಎಂಜಿನಿಯರಿಂಗ್ ಎರಡನ್ನೂ.

ಈ ತಂತ್ರಾಂಶಗಳೆಲ್ಲ ಬ್ರೌಸರಿನೊಳಗೆ ನಡೆಯುವ ಜಾವಾ ಆಪ್ಲೆಟ್‌ಗಳಾಗಿದ್ದವು. ಭದ್ರತೆಯ ಕಾರಣಕ್ಕೆ ಬ್ರೌಸರುಗಳು ಆಪ್ಲೆಟ್‌ಗಳನ್ನು ಕೈಬಿಟ್ಟವು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ. ಎರಡು ದಶಕಗಳ ಪಾಠಗಳು ತೆರೆಯದಂತಾದವು. ಬಳಿಕ ಹಲವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತೆ ಬರೆಯಲಾಯಿತು.

ಬಾಹ್ಯಾಕಾಶದ ಕಡೆಯಲ್ಲೂ ಇಂಥದೇ ಬೆಳವಣಿಗೆ ನಡೆಯಿತು. 1996ರಲ್ಲಿ ಅಟ್ಲಾಂಟಿಸ್ ನೌಕೆಯಿಂದ ಆರಂಭವಾದ ಕಿಡ್‌ಸ್ಯಾಟ್ ಎಂಬ ಕ್ಯಾಮೆರಾ ಯೋಜನೆ, ಗಗನಯಾತ್ರಿ ಸ್ಯಾಲಿ ರೈಡ್ ಮುಂದಾಳತ್ವದಲ್ಲಿ ಅರ್ತ್‌ಕ್ಯಾಮ್ ಆಗಿ 2001ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿತು. ಭೂಮಿಯ ಯಾವ ಜಾಗದ ಚಿತ್ರ ಬೇಕೆಂದು ಮಕ್ಕಳು ಅಕ್ಷಾಂಶ ರೇಖಾಂಶಗಳನ್ನು ಕಳುಹಿಸಿದರೆ ನಿಲ್ದಾಣದ ಕ್ಯಾಮೆರಾ ಅದನ್ನು ಸೆರೆಹಿಡಿಯುತ್ತಿತ್ತು. ಕಕ್ಷೆ ಆ ಜಾಗದ ಮೇಲೆ ಹಾಯುತ್ತದೆಯೇ, ಆಗ ಅಲ್ಲಿ ಹಗಲೇ ಎಂದು ಮೊದಲು ಯೋಚಿಸಲೇಬೇಕಾದ್ದರಿಂದ ಇದು ಕಕ್ಷಾಗಣಿತದ ಪಾಠವೂ ಹೌದು. ಎಂಐಟಿ 2009ರಲ್ಲಿ ಆರಂಭಿಸಿದ ಜೀರೋ ರೊಬಾಟಿಕ್ಸ್ ಸ್ಪರ್ಧೆಯಲ್ಲಿ ಪ್ರೌಢಶಾಲಾ ತಂಡಗಳು ಬರೆದ ಪ್ರೋಗ್ರಾಂಗಳು ನಿಲ್ದಾಣದೊಳಗೆ ತೇಲುವ ಚೆಂಡಿನಾಕಾರದ ಪುಟ್ಟ ಉಪಗ್ರಹಗಳನ್ನು ನಡೆಸಿದವು. ಯೂರೋಪಿನ ಆಸ್ಟ್ರೋ ಪೈ ಯೋಜನೆ 2015ರಲ್ಲಿ ಮಕ್ಕಳ ಪ್ರೋಗ್ರಾಂಗಳಿಗಾಗಿ ಎರಡು ರಾಸ್‌ಬೆರಿ ಪೈ ಕಂಪ್ಯೂಟರುಗಳನ್ನು ಅಲ್ಲಿಗೆ ತಲುಪಿಸಿತು.

ಭಾರತದಲ್ಲಿ ದಾರಿ ಬೇರೆಯಾಗಿತ್ತು. ಇಲ್ಲಿ ಶಾಲೆಗೆ ಮೊದಲು ಬಂದದ್ದು ಉಪಗ್ರಹ, ಅಂತರಜಾಲ ಆಮೇಲೆ. 1975-76ರ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದ ಸುಮಾರು 2,400 ಹಳ್ಳಿಗಳಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗಾಗಿ ಪ್ರಸಾರ ನಡೆಯುತ್ತಿತ್ತು. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಮುಟ್ಟಿತು. ಇವು ಪಾಠ ಕೇಳಿಸುವ ಏರ್ಪಾಡುಗಳು. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಇಸ್ರೋ ಅಂತರಜಾಲದಲ್ಲೇ ಚಿತ್ರ, ಮಾದರಿ, ಪ್ರಬಂಧ, ರಸಪ್ರಶ್ನೆಗಳ ಸ್ಪರ್ಧೆ ಏರ್ಪಡಿಸಿತು. 2025ರ ಜುಲೈ 4ರಂದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳು ಹ್ಯಾಮ್ ರೇಡಿಯೊ ಮೂಲಕ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಭಾರತೀಯ ಗಗನಯಾತ್ರಿ ಶುಭಾಂಶು ಶುಕ್ಲಾ ಅವರೊಡನೆ ಮಾತನಾಡಿದರು.

ಮೊದಲು ಹೇಳಿದ ಫಾಯಿಲ್‌ಸಿಮ್ ಇಲ್ಲಿನ ತರಗತಿಗೂ ಬರಬಹುದು, ಆದರೆ ಅದರ ಗುಂಡಿಗಳ ಹೆಸರು, ಅಳತೆಗಳ ವಿವರಣೆ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ಮಗುವಿಗೆ ಇಲ್ಲಿನ ಭೌತಶಾಸ್ತ್ರ ಕಷ್ಟವಲ್ಲ, ಗುಂಡಿಗಳ ಮೇಲಿನ ಬರಹ ಕಷ್ಟ. ಪರದೆಯ ಪಕ್ಕದಲ್ಲಿ ಶಿಕ್ಷಕರು ಆ ಹತ್ತಿಪ್ಪತ್ತು ಪದಗಳನ್ನು ಕನ್ನಡದಲ್ಲಿ ಬರೆದಿಟ್ಟರೆ ಉಳಿದುದನ್ನು ಮಗುವೇ ಮಾಡಬಲ್ಲದು.