ಮರಳಿನ ಮೇಲಿನ ಗರಿಕೆ: ಹುಲ್ಲುಹಾಸಿನ ಖರ್ಚಿಗೊಂದು ಚರಿತ್ರೆ

ಪೂರ್ವ ಪ್ರಾಂತ್ಯದಲ್ಲಿ ನೆಲೆಸಿರುವ ನಮ್ಮ ಸದಸ್ಯ ಕುಟುಂಬಗಳು ಮನೆ ಬದಲಿಸುವಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಅಂಗಳದಲ್ಲಿ ಹುಲ್ಲುಹಾಸು ಇರುವ ಮನೆ ಹಿಡಿದರೆ ಅದರ ಆರೈಕೆಗೆ ತಿಂಗಳಿಗೆ ಎಷ್ಟು ಬೀಳುತ್ತದೆ? ಒಬ್ಬರು ಹೇಳುವ ಮೊತ್ತಕ್ಕೂ ಮತ್ತೊಬ್ಬರು ಹೇಳುವುದಕ್ಕೂ ಅಜಗಜಾಂತರ. ಈ ಅಂತರಕ್ಕೆ ಕಾರಣವನ್ನು ಕೇವಲ ಇಂದಿನ ಮಾರುಕಟ್ಟೆಯಲ್ಲಿ ಹುಡುಕಿದರೆ ಸಾಲದು. ಈ ನೆಲದಲ್ಲಿ ಹುಲ್ಲು ಹೇಗೆ ಬಂತು, ಅದಕ್ಕೆ ನೀರು ಯಾರು ಕೊಟ್ಟರು, ಅದನ್ನು ಕತ್ತರಿಸಿದವರು ಯಾರು ಎಂಬ ಚರಿತ್ರೆಯನ್ನು ತಿಳಿದರೆ ಲೆಕ್ಕ ತಾನಾಗಿಯೇ ತಿಳಿಯಾಗುತ್ತದೆ. ಅದನ್ನೇ ಇಲ್ಲಿ ಯಥಾಶಕ್ತಿ ನಿರೂಪಿಸಲು ಯತ್ನಿಸಿದ್ದೇವೆ.

ಹುಲ್ಲುಹಾಸು ಮೂಲತಃ ಮಳೆಯ ನಾಡಿನ ಕೂಸು. ಇಂಗ್ಲೆಂಡಿನ ಶ್ರೀಮಂತರ ಬಂಗಲೆಗಳ ಮುಂದೆ ಅದನ್ನು ಕುರಿಗಳು ಮೇಯ್ದು, ಆಳುಗಳು ಉದ್ದ ಕುಡುಗೋಲಿನಿಂದ ಸವರಿ ಮಟ್ಟಸವಾಗಿ ಇರಿಸುತ್ತಿದ್ದರು. ಗ್ಲಾಸ್ಟರ್‌ಷೈರ್‌ನ ಎಡ್ವಿನ್ ಬಡಿಂಗ್ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದ ಮೇಲೆ ಅದು ಮಧ್ಯಮ ವರ್ಗದ ಮನೆಯಂಗಳಕ್ಕೂ ಇಳಿಯಿತು. ನಮ್ಮ ನಾಡಿಗೆ ಅದು ಬಂದದ್ದು ಬ್ರಿಟಿಷರ ದಂಡುಪ್ರದೇಶದ ಬಂಗಲೆಗಳ ಮೂಲಕ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ಸಸ್ಯಶಾಸ್ತ್ರಜ್ಞ ಗುಸ್ತಾವ್ ಕ್ರುಂಬಿಗಲ್ ಅವರ ಕೈಯಲ್ಲಿ ಲಾಲ್‌ಬಾಗ್ ಹೊಸ ರೂಪ ಪಡೆಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕನ್ನಂಬಾಡಿ ಅಣೆಕಟ್ಟಿನ ಕೆಳಗೆ ಬೃಂದಾವನ ಉದ್ಯಾನ ಮೈದಳೆಯಿತು. ಕನ್ನಡಿಗರ ಮನಸ್ಸಿನಲ್ಲಿ ಹುಲ್ಲುಹಾಸಿನ ಚಿತ್ರ ಮೂಡಿದ್ದು ಇಂತಹ ಸಾರ್ವಜನಿಕ ಉದ್ಯಾನಗಳಿಂದಲೇ. ಅಲ್ಲಿ ನೀರು ಸರ್ಕಾರದ್ದು, ಮಾಲಿಯ ಸಂಬಳವೂ ಸರ್ಕಾರದ್ದು. ಬುತ್ತಿ ಕಟ್ಟಿಕೊಂಡು ಹೋಗಿ ಕುಳಿತು ಬಂದವರಿಗೆ ಅದರ ವೆಚ್ಚ ತಿಳಿಯುವ ಸಂದರ್ಭವೇ ಬರಲಿಲ್ಲ.

ಈಗ ನಮ್ಮ ಸುತ್ತಲಿನ ನೆಲವನ್ನು ನೋಡೋಣ. ಅಲ್ ಖೋಬರ್‌ನ ಭಾಗವಾದ ಥುಕ್ಬಾ ನಮ್ಮಲ್ಲಿ ಅನೇಕರಿಗೆ ಚಿರಪರಿಚಿತ. ವಾಹನ ದುರಸ್ತಿಯ ಅಂಗಡಿಗಳು, ಪೀಠೋಪಕರಣದ ಮಳಿಗೆಗಳು, ಒತ್ತೊತ್ತಾಗಿ ನಿಂತ ಕಟ್ಟಡಗಳು, ಅವುಗಳಲ್ಲಿ ಹಲವು ದೇಶಗಳ ದುಡಿಮೆಗಾರರು ಹಂಚಿಕೊಂಡಿರುವ ಕೊಠಡಿಗಳು. ಅಲ್ಲಿಂದ ತುಸು ದೂರದ ದಹ್ರಾನ್‌ನಲ್ಲಿ ಅರಾಮ್ಕೊ ಸಂಸ್ಥೆಯ ವಸತಿ ಪ್ರದೇಶವಿದೆ. ಅಲ್ಲಿ ನೆರಳಿನ ಬೀದಿಗಳು, ಮನೆಯ ಮುಂದೆ ಹಸಿರು. ಎರಡೂ ಕಡೆ ಆಕಾಶ ಒಂದೇ, ಬೀಳುವ ಮಳೆಯೂ ಒಂದೇ: ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸು. ಬೆಂಗಳೂರಿನಲ್ಲಿ ಬೀಳುವ ಮಳೆಗೆ ಹೋಲಿಸಿದರೆ ಇದು ಸುಮಾರು ಹತ್ತನೆಯ ಒಂದು ಪಾಲು. ಆದ್ದರಿಂದ ಒಂದು ಕಡೆ ಹಸಿರಿದ್ದು ಇನ್ನೊಂದು ಕಡೆ ಇಲ್ಲದಿರುವುದು ಪ್ರಕೃತಿಯ ತೀರ್ಮಾನವಲ್ಲ, ಮನುಷ್ಯರದು.

ತೈಲ ಶೋಧನೆಯ ಒಪ್ಪಂದಕ್ಕೆ 1933ರ ಮೇ 29ರಂದು ಸಹಿ ಬಿತ್ತು. 1938ರ ಮಾರ್ಚ್‌ನಲ್ಲಿ ದಮ್ಮಾಮ್ 7ನೆಯ ಬಾವಿಯಲ್ಲಿ ಎಣ್ಣೆ ಹೇರಳವಾಗಿ ದೊರೆಯಿತು. ಬಾವಿಯ ಸನಿಹದಲ್ಲೇ ಅಮೆರಿಕನ್ ಉದ್ಯೋಗಿಗಳಿಗಾಗಿ ಬೆಳೆದ ಶಿಬಿರ ಕಾಲಕ್ರಮೇಣ ಊರಾಯಿತು. ತಮ್ಮ ದೇಶದ ಬೀದಿಗಳನ್ನು ಇಲ್ಲಿಯೂ ಕಾಣಬೇಕೆಂಬ ಆಸೆ ಅವರಿಗೆ ಸಹಜವಾಗಿತ್ತು. ಆದರೆ ಹುಲ್ಲು ಸುಲಭಕ್ಕೆ ಒಲಿಯಲಿಲ್ಲ. ಅಲ್ಲಿನ ಮೊದಲ ಗಾಲ್ಫ್ ಮೈದಾನದಲ್ಲಿ ಹುಲ್ಲೇ ಇರಲಿಲ್ಲ. ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ಕಂದು ನೆಲದ ಮೇಲೆ ಚೆಂಡು ಉರುಳುತ್ತಿತ್ತು. ಎಣ್ಣೆಗಿಂತ ಸಿಹಿನೀರೇ ದುರ್ಲಭವಾಗಿದ್ದ ಕಾಲವದು. ಕುಡಿಯಲು ಸಿಹಿನೀರು, ಇತರ ಬಳಕೆಗೆ ಬಾವಿಯ ಸವುಳು ನೀರು ಎಂಬ ಭೇದ ಮನೆಯೊಳಗಿನ ನಲ್ಲಿಗಳಲ್ಲಿಯೂ ಇತ್ತು.

ಭೇದ ನೀರಿಗಷ್ಟೇ ಸೀಮಿತವಾಗಿರಲಿಲ್ಲ. ಅಮೆರಿಕನ್ನರಿಗೆ ಒಂದು ಶಿಬಿರ, ಭಾರತ, ಪಾಕಿಸ್ತಾನ, ಇಟಲಿ ಮುಂತಾದ ದೇಶಗಳಿಂದ ಬಂದ ಗುಮಾಸ್ತರು ಮತ್ತು ಕುಶಲಕರ್ಮಿಗಳಿಗೆ ಮತ್ತೊಂದು, ಸೌದಿ ಕಾರ್ಮಿಕರಿಗೆ ಇನ್ನೊಂದು. ಹಸಿರು ಬೆಳೆದದ್ದು ಮೊದಲನೆಯ ಬೇಲಿಯ ಒಳಗೆ. ಕೂಲಿ ಮತ್ತು ವಸತಿಯ ಸುಧಾರಣೆಯನ್ನು ಬೇಡಿ 1945ರಲ್ಲಿ ಮುಷ್ಕರಗಳು ನಡೆದವು. 1953ರ ಅಕ್ಟೋಬರ್‌ನಲ್ಲಿ ಸುಮಾರು 13,000 ಕಾರ್ಮಿಕರು ಕೆಲಸ ನಿಲ್ಲಿಸಿದರು. ಸೌದಿ ಉದ್ಯೋಗಿಗಳು ಸ್ವಂತ ಮನೆ ಕಟ್ಟಿಕೊಳ್ಳಲು ನೆರವಾಗುವ ಯೋಜನೆಯನ್ನು ಸಂಸ್ಥೆ 1951ರಲ್ಲಿ ಆರಂಭಿಸಿತ್ತು. ಅಂಗಳದ ಹುಲ್ಲು ಆ ಕಾಲದಲ್ಲಿ ಬರಿಯ ಅಲಂಕಾರವಾಗಿರದೆ, ಯಾರು ಎಲ್ಲಿ ವಾಸಿಸಬಹುದು ಎಂಬುದನ್ನು ಹೇಳುವ ಗುರುತೂ ಆಗಿತ್ತು.

ಹಾಗಾದರೆ ಬೆಳೆಸಿದ ಹುಲ್ಲು ಯಾವುದು? ಗಲ್ಫ್ ನಾಡುಗಳ ಹುಲ್ಲುಹಾಸಿನಲ್ಲಿ ಅತ್ಯಂತ ಸಾಮಾನ್ಯವಾದುದಕ್ಕೆ ಇಂಗ್ಲಿಷಿನಲ್ಲಿ ಬರ್ಮುಡಾ ಹುಲ್ಲು ಎಂದು ಹೆಸರು. ಸಸ್ಯಶಾಸ್ತ್ರದಲ್ಲಿ ಅದು ಸೈನೊಡಾನ್ ಡ್ಯಾಕ್ಟಿಲಾನ್. ನಮ್ಮ ಭಾಷೆಯಲ್ಲಿ ಅದೇ ಗರಿಕೆ! ಗಣಪನಿಗೆ ನಾವು 21 ಎಸಳು ಎಣಿಸಿ ಏರಿಸುವ, ರೈತರು ಹೊಲದಲ್ಲಿ ಬೇರುಸಹಿತ ಕಿತ್ತರೂ ಮತ್ತೆ ಚಿಗುರುವ ಆ ಗರಿಕೆಯೇ. ಗರಿಕೆಯನ್ನು ಅದರ ಆಫ್ರಿಕಾದ ಬಂಧುವಿನೊಡನೆ ಬೆರೆಸಿ ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಪಡೆದ ‘ಟಿಫ್ವೇ 419’ ಎಂಬ ತಳಿ 1960ರಲ್ಲಿ ಬಳಕೆಗೆ ಬಂತು. ನೀರು ತೀರ ಉಪ್ಪಾಗಿರುವ ಕಡೆ ಪ್ಯಾಸ್ಪಲಮ್ ಎಂಬ ಕಡಲತೀರದ ಹುಲ್ಲನ್ನು ಹಾಕುತ್ತಾರೆ. ಊರಿನಲ್ಲಿ ದುಡ್ಡಿಲ್ಲದೆ ಬೆಳೆಯುವ ಗರಿಕೆ ಇಲ್ಲಿ ಏಕೆ ತುಟ್ಟಿ ಎಂಬುದಕ್ಕೆ ಉತ್ತರ ಎರಡೇ ಮಾತಿನಲ್ಲಿದೆ: ನೀರು ಮತ್ತು ದುಡಿಮೆ.

ಮೊದಲು ನೀರಿನ ಲೆಕ್ಕ. ಸಮುದ್ರದ ನೀರನ್ನು ಸಿಹಿಗೊಳಿಸಲು ಸೌದಿ ಸರ್ಕಾರ 1974ರಲ್ಲಿ ಪ್ರತ್ಯೇಕ ನಿಗಮವನ್ನೇ ಸ್ಥಾಪಿಸಿತು. ಖೋಬರ್ ಮತ್ತು ಜುಬೈಲ್‌ಗಳ ಸ್ಥಾವರಗಳಿಂದ ಈ ಪ್ರಾಂತ್ಯದ ಊರುಗಳಿಗೆ ನೀರು ಹರಿಯಿತು. ಉತ್ಪಾದನೆಗೆ ಅಪಾರ ವೆಚ್ಚ ತಗುಲಿದರೂ ಮನೆಗಳಿಗೆ ಅದು ಬಹುತೇಕ ಪುಕ್ಕಟೆಯಾಗಿ ದೊರೆಯುತ್ತಿತ್ತು: ತಿಂಗಳಿಗೆ ಮೊದಲ 50 ಘನ ಮೀಟರ್‌ಗೆ ತಲಾ 10 ಹಲಾಲ, ನಂತರದ 50ಕ್ಕೆ ತಲಾ 15 ಹಲಾಲ. 2016ರ ಜನವರಿಯಲ್ಲಿ ದರ ಪರಿಷ್ಕರಣೆಯಾಯಿತು. ಮೊದಲ 15 ಘನ ಮೀಟರ್‌ಗೆ ಹಳೆಯ 10 ಹಲಾಲವೇ ಉಳಿಯಿತು. ಮುಂದಿನ 15ಕ್ಕೆ 1 ರಿಯಾಲ್, ಆಮೇಲಿನ 15ಕ್ಕೆ 3, ಮತ್ತೆ 15ಕ್ಕೆ 4, 60 ಮೀರಿದರೆ 6 ರಿಯಾಲ್ ಎಂದಾಯಿತು. ಒಳಚರಂಡಿ ಶುಲ್ಕ ಇದರ ಅರ್ಧದಷ್ಟು ಬೇರೆ. ಜನರ ಅಸಮಾಧಾನ ಎಷ್ಟು ತೀವ್ರವಾಯಿತೆಂದರೆ ಅದೇ ವರ್ಷ ಏಪ್ರಿಲ್‌ನಲ್ಲಿ ಜಲ ಮತ್ತು ವಿದ್ಯುತ್ ಸಚಿವರು ಹುದ್ದೆ ಕಳೆದುಕೊಂಡರು. ಹಂತಗಳ ದರಪಟ್ಟಿ ಮಾತ್ರ ಉಳಿಯಿತು.

ಇದನ್ನು ಹುಲ್ಲಿಗೆ ಅನ್ವಯಿಸಿ ನೋಡೋಣ. ಇಲ್ಲಿನ ಕಡುಬೇಸಿಗೆಯಲ್ಲಿ ಒಂದು ಚದರ ಮೀಟರ್ ಗರಿಕೆಗೆ ದಿನಕ್ಕೆ 8ರಿಂದ 10 ಲೀಟರ್ ನೀರು ಬೇಕು. 100 ಚದರ ಮೀಟರ್ ಅಂಗಳಕ್ಕೆ ತಿಂಗಳಿಗೆ ಸುಮಾರು 30 ಘನ ಮೀಟರ್ ಆಯಿತು. ಮನೆಯೊಳಗಿನ ಬಳಕೆಯೂ ಅಷ್ಟೇ, ಅಂದರೆ 30 ಘನ ಮೀಟರ್, ಎಂದು ಹಿಡಿಯೋಣ. ಹಳೆಯ ದರದಲ್ಲಿ ಒಟ್ಟು 60 ಘನ ಮೀಟರ್‌ಗೆ ಆರೂವರೆ ರಿಯಾಲ್ ಸಾಕಿತ್ತು. 2016ರ ದರದಲ್ಲಿ ಮನೆಯೊಳಗಿನ ಮೊದಲ 30ಕ್ಕೆ 16.50 ರಿಯಾಲ್, ಅದರ ಮೇಲೆ ಕುಳಿತ ಹುಲ್ಲಿನ 30ಕ್ಕೆ 105 ರಿಯಾಲ್. ಒಳಚರಂಡಿ ಶುಲ್ಕ ಸೇರಿದರೆ ಹುಲ್ಲಿನ ಪಾಲು 157.50. ಉಣ್ಣುವ, ತೊಳೆಯುವ, ಮೀಯುವ ನೀರಿಗಿಂತ ಹುಲ್ಲು ಕುಡಿಯುವ ನೀರಿಗೆ ಆರು ಪಟ್ಟಿಗೂ ಹೆಚ್ಚು! ಚಳಿಗಾಲದಲ್ಲಿ ಹುಲ್ಲಿನ ದಾಹ ಕಾಲುಭಾಗಕ್ಕೆ ಇಳಿಯುತ್ತದೆ. ಆಗ 8 ಘನ ಮೀಟರ್‌ಗೆ 36 ರಿಯಾಲ್ ಸಾಕು. ಟ್ಯಾಂಕರ್ ನೀರನ್ನು ನೆಚ್ಚಿದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ತಮ್ಮ ಟ್ಯಾಂಕರ್ ದರದಿಂದಲೇ ಗುಣಿಸಿಕೊಳ್ಳಬೇಕು.

ಇನ್ನು ದುಡಿಮೆಯ ಲೆಕ್ಕ. ಹುಲ್ಲು ಕತ್ತರಿಸುವುದು, ಅಂಚು ಸವರುವುದು, ಕಸ ತೆಗೆಯುವುದು, ನೀರಿನ ಪೈಪು ಮತ್ತು ಸ್ಪ್ರಿಂಕ್ಲರ್ ಪರೀಕ್ಷಿಸುವುದು, ಇವೆಲ್ಲ ವಾರಕ್ಕೊಮ್ಮೆಯಾದರೂ ಆಗಬೇಕು. ಮಾಲಿಯ ಸಂಬಳ 1,500 ರಿಯಾಲ್ ಎಂದು ಇಟ್ಟುಕೊಳ್ಳೋಣ. ಸೌದಿ ನೌಕರರಿಗಿಂತ ವಿದೇಶಿಯರೇ ಹೆಚ್ಚಿರುವ ಸಂಸ್ಥೆಯು ಪ್ರತಿ ವಿದೇಶಿ ನೌಕರನಿಗಾಗಿ ಕಟ್ಟಬೇಕಾದ ತೆರಿಗೆ 2018ರಲ್ಲಿ ತಿಂಗಳಿಗೆ 400 ರಿಯಾಲ್ ಇದ್ದದ್ದು 2020ರ ಹೊತ್ತಿಗೆ 800ಕ್ಕೆ ಏರಿತು. ಇಕಾಮಾ ಶುಲ್ಕ ವರ್ಷಕ್ಕೆ 650. ಒಟ್ಟಿನಲ್ಲಿ ತಿಂಗಳಿಗೆ ಸುಮಾರು 2,350 ರಿಯಾಲ್, ದಿನಕ್ಕೆ ಸುಮಾರು 90. ಅವನು ದಿನಕ್ಕೆ ಐದು ಮನೆ ಮುಗಿಸಿದರೆ ಒಂದು ಭೇಟಿಗೆ 18, ತಿಂಗಳ ನಾಲ್ಕು ಭೇಟಿಗೆ 72 ರಿಯಾಲ್. ವಸತಿ, ಊಟ, ವಿಮೆ, ಊರಿಗೆ ಹೋಗಿಬರುವ ಟಿಕೆಟ್, ವಾಹನ, ಯಂತ್ರ, ಮಾಲೀಕನ ಲಾಭ, ಇವೆಲ್ಲಕ್ಕೆ ಮತ್ತಷ್ಟೇ ಸೇರಿಸಿ, 2020ರ ಜುಲೈಯಲ್ಲಿ ಶೇಕಡ 5ರಿಂದ 15ಕ್ಕೆ ಏರಿದ ಮೌಲ್ಯವರ್ಧಿತ ತೆರಿಗೆಯನ್ನೂ ಕೂಡಿಸಿದರೆ 165 ರಿಯಾಲ್ ಆಗುತ್ತದೆ.

ಇದು ಯಾವ ಸಂಸ್ಥೆಯ ದರಪಟ್ಟಿಯೂ ಅಲ್ಲ. ನಾವು ಕೂಡಿ ಕಳೆದು ಕಂಡುಕೊಂಡ ಅಂದಾಜು. ಇದರಂತೆ 100 ಚದರ ಮೀಟರ್ ಹುಲ್ಲಿಗೆ ಬೇಸಿಗೆಯಲ್ಲಿ ನೀರು, ಆರೈಕೆ ಸೇರಿ ತಿಂಗಳಿಗೆ 320 ರಿಯಾಲ್, ಚಳಿಗಾಲದಲ್ಲಿ 200 ರಿಯಾಲ್ ನಿರೀಕ್ಷಿಸಬಹುದು. ಗೊಬ್ಬರ, ಔಷಧ, ಒಡೆದ ಪೈಪಿನ ದುರಸ್ತಿ ಪ್ರತ್ಯೇಕ. ಚಳಿಯಲ್ಲಿ ಗರಿಕೆ ಮಂಕಾಗುವುದರಿಂದ ಅಕ್ಟೋಬರ್–ನವೆಂಬರ್‌ನಲ್ಲಿ ಅದರ ಮೇಲೆ ರೈ ಹುಲ್ಲಿನ ಬೀಜ ಬಿತ್ತುವ ರೂಢಿಯಿದೆ. ಅದರ ಖರ್ಚು ಗುತ್ತಿಗೆಯೊಳಗೆ ಸೇರಿದೆಯೇ ಎಂದು ಮೊದಲೇ ಕೇಳುವುದು ಲೇಸು. ಹೊಸದಾಗಿ ಹುಲ್ಲು ಹಾಸುವವರಿಗೆ ಮಣ್ಣು, ಗೊಬ್ಬರ, ಪೈಪುಗಳ ವೆಚ್ಚ ಆರಂಭದಲ್ಲೇ ಒಮ್ಮೆ ಬೀಳುತ್ತದೆ.

ಈ ಲೆಕ್ಕದಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಅಂಕಿ ಒಂದಿದೆ. ನಾವು ಕೊಡುವ 165 ರಿಯಾಲ್‌ಗಳಲ್ಲಿ ಹುಲ್ಲು ಕತ್ತರಿಸಿದವನ ಸಂಬಳವಾಗಿ ಸೇರುವುದು 46 ಮಾತ್ರ. 2020ರ ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರವು ಗಲ್ಫ್‌ಗೆ ತೆರಳುವ ಕಾರ್ಮಿಕರ ಕನಿಷ್ಠ ಶಿಫಾರಸು ವೇತನವನ್ನು ಇಳಿಸಿದಾಗ ಸೌದಿಗೆ ಗೊತ್ತುಪಡಿಸಿದ ಮೊತ್ತ 324 ಡಾಲರ್, ಅಂದರೆ 1,215 ರಿಯಾಲ್. ಆಕ್ಷೇಪಗಳು ಎದ್ದವು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು, 2021ರಲ್ಲಿ ಆ ಆದೇಶ ಹಿಂತೆಗೆಯಲ್ಪಟ್ಟಿತು. ಮಾಲಿಯ ಸಂಬಳ 1,500ರಿಂದ 1,215ಕ್ಕೆ ಇಳಿದರೆ ಅವನಿಗೆ ತಿಂಗಳಿಗೆ 285 ರಿಯಾಲ್ ನಷ್ಟ. ನಮ್ಮ ಅಂಗಳದ ಲೆಕ್ಕದಲ್ಲಿ ಉಳಿಯುವುದು 9 ರಿಯಾಲ್. ಅವನ ಊರಿನಲ್ಲಿ ಒಂದು ಮಗುವಿನ ಶಾಲೆಯ ಶುಲ್ಕವಾಗಬಹುದಾದ ಹಣ ಇಲ್ಲಿ ಎರಡು ಲೋಟ ಜ್ಯೂಸಿನ ಬೆಲೆಗೆ ಕರಗುತ್ತದೆ. ಆದ್ದರಿಂದ ಯಾರಾದರೂ ತೀರ ಅಗ್ಗದ ದರ ಹೇಳಿದರೆ, ಆ ರಿಯಾಯಿತಿಯನ್ನು ಭರಿಸುತ್ತಿರುವವರು ಯಾರು ಎಂದು ಕೇಳಿಕೊಳ್ಳುವುದು ನಮ್ಮ ಕರ್ತವ್ಯ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆಯೇ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮ ಪಾಲನೆಯಾಗುತ್ತಿದೆಯೇ ಎಂದು ವಿಚಾರಿಸಲು ಖರ್ಚಿಲ್ಲ.

ನಮ್ಮಲ್ಲಿ ಬಹುಪಾಲು ಜನ ಬಾಡಿಗೆದಾರರು. ಕಾಂಪೌಂಡುಗಳಲ್ಲಿ ಇರುವವರಿಗೆ ಹುಲ್ಲಿನ ವೆಚ್ಚ ಬಾಡಿಗೆಯೊಳಗೇ ಅಡಗಿರುತ್ತದೆ. ವಿದೇಶಿಯರು ಸ್ಥಿರಾಸ್ತಿ ಹೊಂದುವ ಬಗೆಗಿನ ಹೊಸ ಕಾನೂನಿಗೆ 2025ರ ಜುಲೈಯಲ್ಲಿ ಸಚಿವ ಸಂಪುಟ ಒಪ್ಪಿಗೆಯಿತ್ತು, 2026ರ ಜನವರಿಯಿಂದ ಜಾರಿಯೆಂದು ಪ್ರಕಟಿಸಿದ ಮೇಲೆ ಸ್ವಂತ ಅಂಗಳದ ಮಾತು ಕೆಲವು ಮನೆಗಳಲ್ಲಾದರೂ ಕೇಳಿಬರುತ್ತಿದೆ. ಊರಿನಲ್ಲಿ ಮನೆ ಕಟ್ಟಿಸುತ್ತಿರುವವರಿಗೂ ಈ ಚರಿತ್ರೆ ದೂರದ್ದಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವಕ್ಕೆ ಸಿಲುಕಿದ ಬೆಂಗಳೂರಿನಲ್ಲಿ ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ಮಳೆಯ ನಾಡೆಂದು ನಾವು ನಂಬಿದ್ದ ಊರು ಮರುಭೂಮಿಯ ಪಾಠವನ್ನು ಓದತೊಡಗಿದೆ.

ಮಕ್ಕಳು ಬರಿಗಾಲಿನಲ್ಲಿ ಓಡಾಡಲು ತುಸು ಹಸಿರು ಬೇಕೆಂಬ ಆಸೆ ತಪ್ಪಲ್ಲ. 100ರ ಬದಲು 40 ಚದರ ಮೀಟರ್ ಹುಲ್ಲು ಇರಿಸಿ, ಉಳಿದ ಕಡೆ ಕಡಿಮೆ ನೀರಿನ ಬೋಗನ್‌ವಿಲ್ಲಾ, ಖರ್ಜೂರ, ಬೇವು ಬೆಳೆಸಿದರೆ ಬೇಸಿಗೆಯ ನೀರು 12 ಘನ ಮೀಟರ್‌ನ ಆಸುಪಾಸಿಗೆ ಇಳಿಯುತ್ತದೆ, ಹುಲ್ಲಿನ ಪಾಲಿನ ಶುಲ್ಕ 54 ರಿಯಾಲ್‌ಗೆ ಬರುತ್ತದೆ. ಹೀಗೆ ಉಳಿದ ನೂರು ರಿಯಾಲ್‌ನಲ್ಲಿ ಒಂದಂಶವನ್ನು ಆ ಹಸಿರನ್ನು ಕಾಯುವವನ ಕೈಗೆ ನೇರವಾಗಿ ಸೇರಿಸಲು ಸಾಧ್ಯವಾದರೆ, ಖರ್ಚು ಕಡಿಮೆಯಾಗಿಯೂ ಲೆಕ್ಕ ನ್ಯಾಯವಾಗಿಯೂ ಇರುತ್ತದೆ ಎಂಬುದು ನಮ್ಮ ಅಭಿಮತ.